ಕಪ್ಪು ಬಟ್ಟೆಯಲ್ಲಿ ಸುತ್ತಿದ ಗಂಡ

ವೈದ್ಯನಾಥಪುರದ ದೇವಿರಮ್ಮ ರೇಷ್ಮೆಮೊಟ್ಟೆ ತಂದು, ಮರಿ ಎಬ್ಬಿಸಿ, ಕೆಲವು ದಿನ ಸಾಕಿ ಸುತ್ತಲಿನ ರೈತರಿಗೆ ಕೊಡುವವಳು. ಮರಿ ಏಳುವ ಹೊತ್ತು ಹತ್ತಿರವಾದಾಗ ಮೊಟ್ಟೆ ಅಂಟಿರುವ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡುತ್ತಾಳೆ. ಬೆಳಿಗ್ಗೆ ಬಿಚ್ಚಿ ಬೆಳಕು ತೋರಿಸಿದರೆ ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ಮೊಟ್ಟೆಯೊಳಗಿನ ಮರಿಗೂ ಮಿದುಳಿದೆ, ಅದರಲ್ಲೊಂದು ಗಡಿಯಾರವಿದೆ, ಬೆಳಕೇ ಅದಕ್ಕೆ ಕೀಲಿ ಎಂದು ರೇಷ್ಮೆ ಇಲಾಖೆಯವರು ಹೇಳಿದ್ದನ್ನು ಅವಳು ಪೂರ್ತಿ ನಂಬಿದ್ದಳು.

ಗಡಿಯಾರ ಕೆಟ್ಟಿದ್ದು ಗಂಡನದು. ಚಿಕ್ಕಮಾದು ಮದುವೆಯಾದಾಗಿನಿಂದ ಸಕ್ಕರೆ ಕಾರ್ಖಾನೆಯ ರಾತ್ರಿಪಾಳಿ ಮಾಡಿದವನು. ನಿವೃತ್ತನಾದರೂ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಡಬ್ಬಿ ತಡಕಾಟ. ಕಳೆದ ಸಲ ಕಡಲೆಕಾಯಿ ಹುಡುಕುತ್ತ ಮೊಟ್ಟೆಕೋಣೆಯ ಲೈಟು ಹಾಕಿ, ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿ ನೋಡಿದ. ಅರ್ಧ ಮರಿ ಮುಂಚೆ ಎದ್ದವು, ಅರ್ಧ ಆಮೇಲೆ. ಒಂದು ತಟ್ಟೆಯ ಮರಿ ಸೊಪ್ಪು ತಿನ್ನುವಾಗ ಇನ್ನೊಂದರವು ಪೊರೆ ಬಿಡಲು ಮಲಗಿದ್ದವು. ರೈತರು ಮುಖ ಸಿಂಡರಿಸಿಕೊಂಡು ಒಯ್ದರು. ಇನ್ನೊಮ್ಮೆ ಹೀಗಾದರೆ ಅವಳ ಬಾಗಿಲಿಗೆ ಯಾರೂ ಬರುವುದಿಲ್ಲ.

"ಉಳಕ್ಕೆ ಆಗೋದು ಈವಯ್ಯಂಗೆ ಆಯ್ಕಿಲ್ವಾ?" ಎಂದುಕೊಂಡು, ಹೊಸ ಮೊಟ್ಟೆ ಬರುವ ಮೊದಲೇ, ಮಿಕ್ಕ ಕಪ್ಪು ಬಟ್ಟೆಯನ್ನು ಊಟವಾದ ಕೂಡಲೇ ಗಂಡನ ಕಣ್ಣಿಗೆ ಕಟ್ಟತೊಡಗಿದಳು.

"ನಾನೇನ್ ರೇಸ್ಮೆ ಉಳಾನೇನಮ್ಮಿ?"

"ಉಳ ಆಗಿದ್ರೆ ಇಷ್ಟೊತ್ಗೆ ಗೂಡಾದ್ರೂ ಕಟ್ಟಿರೋದು. ಸುಮ್ಕೆ ಮನಿಕೋ!"

ಬೆಳಕು ಹರಿದದ್ದೇ ಬಟ್ಟೆ ಕಿತ್ತು, ಕಾಫಿ ಲೋಟದ ಸಮೇತ ಅವನನ್ನು ಬಿಸಿಲು ಬೀಳುವ ಜಗಲಿಗೆ ಅಟ್ಟುವಳು. ಮೊದಮೊದಲು ಕೆರೆ ದಂಡೆಯ ಕೊಕ್ಕರೆಯಂತೆ ಕೂತಲ್ಲೇ ತೂಕಡಿಸಿದ. ಬೈದ. ಬರಬರುತ್ತ ಮುದ್ದೆ ನುಂಗಿದ ಕೂಡಲೇ ಆಕಳಿಸತೊಡಗಿದ.

ಮರಿ ಏಳುವ ಬೆಳಿಗ್ಗೆ ಅವನೇ ಮೊದಲು ಎದ್ದು ಕಾಫಿ ಕಾಸಿದ್ದ. ದೇವಿರಮ್ಮ ಹಾಳೆಗಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಸ್ವಲ್ಪ ಹೊತ್ತಿಗೆ, ಚೆಲ್ಲಿದ ಎಳ್ಳಿಗೆ ಜೀವ ಬಂದಂತೆ, ಹಾಳೆಯ ತುಂಬ ಒಮ್ಮೆಗೇ ಹರಿದಾಟ. ಖುಷಿಗೆ ಅವಳ ಕಣ್ಣು ತುಂಬಿತು.

ಮಧ್ಯಾಹ್ನ ಅವಳೇ ಕಪ್ಪು ಬಟ್ಟೆ ಕಣ್ಣಿಗೆ ಹಾಕಿಕೊಂಡು ಜಗಲಿಯಲ್ಲಿ ಮಲಗಿದ್ದಳು.

"ಲೇ, ಅಗಲೊತ್ನಲ್ಲಿ ನಿದ್ದೆಯಾ?"

"ಮದ್ವೆಯಾದಾಗಿಂದ್ಲೂ ರಾತ್ರಿ ಒಬ್ಳೇ ಮನಿಕಂಡು ರೂಢಿ. ಈಗ ಪಕ್ದಲ್ಲೇ ನಿನ್ ಗೊರಕೆ. ನನ್ ಗಡಿಯಾರಾನೂ ತಿರುಗ್ಬೇಕಲ್ಲ, ವಸಿ ದಿನ ತಡಿ."

ಒರಟು ಕೈಯೊಂದು ಕಣ್ಣಿನ ಮೇಲಿನ ಬಟ್ಟೆಯನ್ನು ಮೆಲ್ಲಗೆ ಸರಿಮಾಡಿದ್ದು ದೇವಿರಮ್ಮನಿಗೆ ತಿಳಿಯಿತು. ಆಮೇಲೆ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಅವನು ಹಿಪ್ಪುನೇರಳೆ ತೋಟದ ಕಡೆ ಹೋದ ಸದ್ದಾಯಿತು.