ಅಪ್ಪ ಟ್ಯಾಬ್ ಜೊತೆ ಮಾತಾಡಿದ ಭಾನುವಾರಗಳು

ನನಗೆ ಹೊಟ್ಟೆಕಿಚ್ಚು ಬಂದಿದ್ದು ಒಂದು ಟ್ಯಾಬ್ ಮೇಲೆ. ಓರಗಿತ್ತಿಯ ಮೇಲೋ, ಜೊತೆಗೆ ಓದಿದವಳ ಮೇಲೋ, ಪಕ್ಕದ ಮನೆಯವರ ಹೊಸ ಕಾರಿನ ಮೇಲೋ ಬಂದಿದ್ದರೆ ಯಾರ ಹತ್ತಿರವಾದರೂ ಹೇಳಿಕೊಂಡು ಹಗುರಾಗಬಹುದಿತ್ತು. ಬೆನ್ನಿಗೆ ಕಂಪನಿಯ ಸ್ಟಿಕ್ಕರ್ ಅಂಟಿಸಿಕೊಂಡ ಗಾಜಿನ ಹಲಗೆಯೊಂದನ್ನು ಕಂಡರೆ ಮೈ ಉರಿಯುತ್ತದೆ ಎಂದರೆ ಕೇಳಿದವರು ನಕ್ಕಾರು. ನಗಲಿ. ಅದು ನನ್ನ ಅಪ್ಪನ ಬಾಯಿ ಬಿಡಿಸಿತು. ಇಷ್ಟು ವರ್ಷ ನನ್ನ ಕೈಲಾಗದ್ದನ್ನು ಒಂದು ಭಾನುವಾರ ಬೆಳಿಗ್ಗೆ ತಿಂಡಿ ಆರುವುದರೊಳಗೆ ಮಾಡಿ ಮುಗಿಸಿತು.

ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದವನು. ಕಬ್ಬಿಣದ ಯಾವುದೇ ಭಾಗವನ್ನು ಎರಕ ಹೊಯ್ಯುವ ಮೊದಲು ಅದರದೇ ರೂಪವನ್ನು ಮರದಲ್ಲಿ ಮಾಡಿಕೊಳ್ಳಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದಾಗ ಉಳಿಯುವ ಪೊಳ್ಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಮರದ ಕೆಲಸ ಅಪ್ಪನದು. ಕಾರ್ಖಾನೆಯ ಗೇಟಿನ ಹೊರಗೆ ಗೆಳೆಯರ ಜೊತೆ ನಿಂತು ಕನ್ನಡ, ತಮಿಳು, ತೆಲುಗು ಮೂರನ್ನೂ ಕಲಸಿ ಗಂಟೆಗಟ್ಟಲೆ ಹರಟುವವನು, ಮನೆಯ ಹೊಸಿಲು ದಾಟಿದ ಕೂಡಲೇ ಮೂಕನಾಗುತ್ತಿದ್ದ. ಮಾರಾಯ ಎನ್ನುವ ಸಲಿಗೆಯ ಮಾತು ಗೇಟಿನ ಗೆಳೆಯರಿಗೆ ಮೀಸಲು. ನಮ್ಮ ಪಾಲಿಗೆ ಬರುತ್ತಿದ್ದುದು ‘ಹೂಂ’ ಮತ್ತು ‘ಊಟಕ್ಕೆ ಹಾಕು’.

ಅವನದೊಂದು ಸ್ಟೀಲ್ ಸ್ಕೇಲ್ ಇತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ನನ್ನದು ಮುರಿದುಹೋಗಿ, ಕೇಳದೆ ಅದನ್ನೇ ರೇಖಾಗಣಿತದ ಪರೀಕ್ಷೆಗೆ ಒಯ್ದೆ. ನನ್ನ ತ್ರಿಕೋನಗಳ ಒಂದೊಂದು ಗೆರೆಯೂ ಇರಬೇಕಾದ್ದಕ್ಕಿಂತ ಪೆನ್ಸಿಲ್ ಮೊನೆಯಷ್ಟು ಹೆಚ್ಚು ಉದ್ದ ಬಂದಿತ್ತು. ಮೇಷ್ಟ್ರು ತಮ್ಮ ಸ್ಕೇಲಿಟ್ಟು ಅಳೆದು, ಕೈ ನಿಲ್ಲುವುದಿಲ್ಲವಾ ಎಂದು ಬೈದು ಅಂಕ ಕಳೆದರು. ನಾನು ಅಳುತ್ತಾ ಮನೆಗೆ ಬಂದರೆ ಅಪ್ಪ ಸ್ಕೇಲನ್ನು ನನ್ನ ಕೈಯಿಂದ ತೆಗೆದುಕೊಂಡು ಲುಂಗಿಗೆ ಒರೆಸಿ ಅಟ್ಟದ ಮೇಲಿಟ್ಟ. ಎಂಜಿನಿಯರಿಂಗ್ ಕಾಲೇಜಿನ ತರಗತಿಯಲ್ಲಿ ಕೂತು ನಾನು ಅದರ ಕಾರಣ ತಿಳಿದೆ. ಕಬ್ಬಿಣ ಆರುವಾಗ ಕುಗ್ಗುತ್ತದೆ. ಅದಕ್ಕೇ ಮರದ ರೂಪ ಒಂದಿಷ್ಟು ದೊಡ್ಡದಿರಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಪ್ಯಾಟರ್ನ್ ಮೇಕರ್‌ಗಳ ಸ್ಕೇಲಿನಲ್ಲಿ ಸೆಂಟಿಮೀಟರನ್ನೇ ಹಿಗ್ಗಿಸಿ ಗೀಟು ಹಾಕಿರುತ್ತಾರೆ. ಲೆಕ್ಚರರ್ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರೆ ನನಗೆ ಕಣ್ಣಲ್ಲಿ ನೀರು. ಅಟ್ಟದ ಕೆಳಗೆ ನಿಂತು ಒಂದೇ ವಾಕ್ಯದಲ್ಲಿ ಹೇಳಬಹುದಾಗಿದ್ದ ಸಂಗತಿ ಇದು.

ಅಪ್ಪ ಹೇಳದಿದ್ದುದಕ್ಕೇ ಇರಬೇಕು, ನಾನು ಹಟಕ್ಕೆ ಬಿದ್ದು ಅದೇ ಕೆಲಸಕ್ಕೆ ಸೇರಿದೆ. ಶಿವಮೊಗ್ಗದ ಹೊರಗಿನ ಫೌಂಡ್ರಿಯಲ್ಲಿ ಎರಕದ ವಿಧಾನ ಗೊತ್ತುಮಾಡುವ ಎಂಜಿನಿಯರ್ ನಾನು. ಕರಗಿದ ಕಬ್ಬಿಣ ಅಚ್ಚಿನೊಳಗೆ ಯಾವ ದಾರಿಯಲ್ಲಿ ಹೋಗಬೇಕು, ಆರುವಾಗ ಕುಗ್ಗಿ ಗುಳಿ ಬೀಳದ ಹಾಗೆ ಹೆಚ್ಚಿನ ಕಬ್ಬಿಣ ಉಣಿಸುವ ರೈಸರ್ ಎಂಬ ಕಂಬವನ್ನು ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ನನ್ನ ಕೆಲಸ. ಮೊದಮೊದಲು ಅಂದಾಜಿನಲ್ಲಿ ಮಾಡುತ್ತಿದ್ದೆವು. ಆಮೇಲೆ ಸಾಫ್ಟ್‌ವೇರ್ ಬಂತು. ಕಬ್ಬಿಣ ಒಳಗೆ ನುಗ್ಗುವುದು, ಮೂಲೆಮೂಲೆಯಾಗಿ ಆರುವುದು, ಕೊನೆಗೆ ಬಿಸಿ ಉಳಿಯುವ ಜಾಗ ಕೆಂಪಗೆ ಹೊಳೆಯುವುದು, ಎಲ್ಲ ಪರದೆಯ ಮೇಲೆ ಕಾಣುತ್ತಿತ್ತು. ಮದುವೆಯಾದ ಮೇಲೂ ನನ್ನ ಮನೆ ಅಪ್ಪನ ಬೀದಿಯಲ್ಲೇ. ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ತೋರಿಸಲು ಕೂತೆ. ಅಪ್ಪ ಒಂದು ಕ್ಷಣ ನೋಡಿದ. ಕನ್ನಡಕ ಎಲ್ಲಿಟ್ಟೆನೋ ಎಂದು ಎದ್ದುಹೋದವನು ಹಿತ್ತಲಲ್ಲಿ ಬಾಳೆಗೆ ನೀರು ಹಾಕುತ್ತ ನಿಂತ. ಕನ್ನಡಕ ಅವನ ಮೂಗಿನ ಮೇಲೇ ಇತ್ತು.

ನನಗೆ ಬೇಕಾಗಿದ್ದುದು ಒಂದೇ. ಅಪ್ಪ ಒಮ್ಮೆಯಾದರೂ ನನ್ನ ಜೊತೆ ಕೆಲಸದ ಮಾತಾಡಬೇಕು. ಹೊಗಳಬೇಕೆಂದೇನೂ ಇರಲಿಲ್ಲ, ಬೈದರೂ ಸಾಕಿತ್ತು.

ಹೀಗಿರುವಾಗ ನಮ್ಮ ಕಂಪನಿ ಎಐ ತಂದಿತು. ಭಾಗದ ಡ್ರಾಯಿಂಗ್ ಕೊಟ್ಟರೆ ಸಾಕು, ರೈಸರ್ ಎಲ್ಲಿ, ದಾರಿ ಎಲ್ಲಿ ಎಂದು ಅದೇ ಹೇಳುತ್ತದಂತೆ. ನಾನು ದಿನಗಟ್ಟಲೆ ಒದ್ದಾಡಿ ಕಂಡುಕೊಳ್ಳುತ್ತಿದ್ದುದು ಅದಕ್ಕೆ ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಆದರೆ ನಮ್ಮ ಮರಳು, ನಮ್ಮ ಕಬ್ಬಿಣ, ನಮ್ಮ ಮಳೆಗಾಲದ ತೇವ ಅದಕ್ಕೆ ಗೊತ್ತಿಲ್ಲ. ಈ ಕಡೆಯ ಹಳೆಯ ಕೆಲಸಗಾರರ ಅನುಭವವನ್ನು ಅವರ ಬಾಯಿಂದಲೇ ಅದಕ್ಕೆ ಕೇಳಿಸಬೇಕೆಂದು ಮ್ಯಾನೇಜರ್ ತೀರ್ಮಾನಿಸಿದರು. ಅದು ಕನ್ನಡದಲ್ಲಿ ಪ್ರಶ್ನೆ ಕೇಳುತ್ತದೆ, ಅವರು ಉತ್ತರ ಹೇಳುತ್ತಾ ಹೋಗಬೇಕು. ನಿಮ್ಮ ತಂದೆ ಇದ್ದಾರಲ್ಲ, ಅವರಿಂದಲೇ ಶುರುಮಾಡಿ ಎಂದರು. ಅವರು ಮಾತಾಡುವವರಲ್ಲ ಸರ್ ಎಂದು ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ.

ಆ ಭಾನುವಾರ ಅಪ್ಪನ ಮನೆಯ ಊಟದ ಮೇಜಿನ ಮೇಲೆ, ಉಪ್ಪಿಟ್ಟಿನ ತಟ್ಟೆಯ ಪಕ್ಕ ಆ ಎಐ ಇದ್ದ ಕಂಪನಿಯ ಟ್ಯಾಬ್ ನಿಲ್ಲಿಸಿದೆ. ಹೆಣ್ಣು ದನಿ. ಶಾಲೆಯ ಪುಸ್ತಕ ಓದಿದ ಹಾಗೆ ಮಾತು. ನಮಸ್ಕಾರ, ತಾವು ಮಾಡುತ್ತಿದ್ದ ಕೆಲಸದ ಬಗ್ಗೆ ತಿಳಿಸುವಿರಾ ಎಂದಿತು. ಅಪ್ಪ ಈಗ ಎದ್ದು ಹಿತ್ತಲಿಗೆ ಹೋಗುತ್ತಾನೆ ಎಂದುಕೊಂಡೆ. ಅವನು ಚಮಚ ಕೆಳಗಿಟ್ಟು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

“ನೋಡು ಮಾರಾಯ್ತಿ, ಮೊದ್ಲು ಸ್ಕೇಲಿನ ವಿಷ್ಯ ತಿಳ್ಕೊ. ನಮ್ ಸ್ಕೇಲು ಅಂಗಡಿ ಸ್ಕೇಲ್ ತರ ಅಲ್ಲ” ಎಂದು ಶುರುಮಾಡಿದ.

ಮಾರಾಯ್ತಿ! ಪರಿಚಯವಾಗಿ ನಿಮಿಷ ಕಳೆದಿರಲಿಲ್ಲ. ಅಟ್ಟದ ಮೇಲಿನ ಆ ಸ್ಕೇಲಿನ ಕಥೆಯನ್ನು ಅಪ್ಪ ಬಿಡಿಸಿಬಿಡಿಸಿ ಹೇಳಿದ. ಬಿಸಿ ಕಬ್ಬಿಣ ಹೇಗೆ ಕುಗ್ಗುತ್ತದೆ ಎಂದು ಎರಡೂ ಅಂಗೈ ಹತ್ತಿರ ತಂದು ತೋರಿಸಿದ, ಅದಕ್ಕೆ ಕಣ್ಣಿದೆಯೋ ಇಲ್ಲವೋ ಎಂದು ಕೂಡ ಯೋಚಿಸದೆ. ಪಕ್ಕದಲ್ಲಿ ಕೂತು ಬಟನ್ ಒತ್ತಬೇಕಾದವಳು ನಾನು. ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಒತ್ತುತ್ತಾ ಹೋದೆ.

ಅಷ್ಟಕ್ಕೇ ಬಿಡಲಿಲ್ಲ. ಕೆಲಸದಲ್ಲಿ ತಪ್ಪುಗಳಾದದ್ದುಂಟೇ ಎಂದು ಅದು ಕೇಳಿತು. ಅಪ್ಪ ನಕ್ಕುಬಿಟ್ಟ. ಈ ಮನೆ ಕಟ್ಟಿಸುವಾಗ ಅಡುಗೆಮನೆಯ ಬಾಗಿಲನ್ನು ತಾನೇ ಮಾಡಲು ಹೋಗಿ, ಮರೆತು ಕಾರ್ಖಾನೆಯ ಸ್ಕೇಲಿನಲ್ಲೇ ಅಳೆದು ಕೊಯ್ದಿದ್ದನಂತೆ. ಬಾಗಿಲು ಚೌಕಟ್ಟಿಗಿಂತ ದೊಡ್ಡದಾಯಿತು. ಯಾರಿಗೂ ಹೇಳದೆ ಎಲ್ಲ ಕಡೆಯಿಂದ ಉಜ್ಜಿ ಉಜ್ಜಿ ಹೇಗೋ ಕೂರಿಸಿದನಂತೆ. ಒಳಗೆ ಕಾಫಿ ಸೋಸುತ್ತಿದ್ದ ಅಮ್ಮ ಹೊರಗೆ ಬಂದು ನಿಂತಳು. ಅಮ್ಮ ಇಷ್ಟು ವರ್ಷವೂ ಆ ಬಾಗಿಲನ್ನು ಸೊಂಟದಿಂದ ತಳ್ಳಿ ಮುಚ್ಚುತ್ತ, ಮಳೆಗೆ ಮರ ಉಬ್ಬಿದೆ ಎಂದು ಅಪ್ಪ ಹೇಳಿದ್ದನ್ನೇ ನಂಬಿಕೊಂಡು ಬಂದವಳು. ಟ್ಯಾಬನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಸವತಿಯನ್ನು ನೋಡುವ ನೋಟ ಅದು. ಆ ಮನೆಯಲ್ಲಿ ಉರಿದುಕೊಳ್ಳುವವಳು ನಾನೊಬ್ಬಳೇ ಅಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಭಾನುವಾರ ಬಂತೆಂದರೆ ಅಪ್ಪ ಬೆಳಿಗ್ಗೆಯೇ ಸ್ನಾನ ಮುಗಿಸಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಿದ್ದ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಅವನ ಕಣ್ಣು ನನ್ನ ಮುಖಕ್ಕಲ್ಲ, ಹೆಗಲ ಬ್ಯಾಗಿಗೆ. ತಂದ್ಯಾ ಎನ್ನುತ್ತಿದ್ದ. ಒಮ್ಮೆ ಬೇಕೆಂದೇ ಟ್ಯಾಬನ್ನು ನನ್ನ ಮನೆಯಲ್ಲೇ ಬಿಟ್ಟು ಹೋದೆ. ಅಪ್ಪನ ಮುಖ ಬಾಡಿದ್ದು ನೋಡಿ ನನಗೆ ಪಾಪ ಎನಿಸಬೇಕಿತ್ತು, ಎನಿಸಲಿಲ್ಲ. ಇನ್ನೊಂದು ದಿನ ಅದರ ಪ್ರಶ್ನೆಯನ್ನೇ ಬಾಯಿಪಾಠ ಮಾಡಿಕೊಂಡು ಊಟದ ಹೊತ್ತಿನಲ್ಲಿ ಕೇಳಿದೆ. ತೆಳು ಗೋಡೆಯ ಭಾಗಕ್ಕೆ ಮರ ಸೊಟ್ಟಗಾಗದಂತೆ ಏನು ಮಾಡುತ್ತಿದ್ದೆ ಅಪ್ಪ? ಅದೇ ಪ್ರಶ್ನೆಗೆ ಟ್ಯಾಬ್ ಮುಂದೆ ಅವನು ಒಂದು ಲೋಟ ಕಾಫಿ ಆರುವ ತನಕ ಉತ್ತರ ಹೇಳಿದ್ದ. ನನಗೆ ಹೇಳಿದ್ದು ಇಷ್ಟೇ: ಅದೆಲ್ಲ ನಿಂಗೆ ಗೊತ್ತಿರೋದೇ ಅಲ್ವಾ, ಮಜ್ಜಿಗೆ ಹಾಕು.

ಅದು ಯಂತ್ರ ಅಪ್ಪ, ಯಾರು ಕೂತರೂ ಅದೇ ದನಿ, ಅದೇ ಮರ್ಯಾದೆ, ನಿನ್ನ ಮೇಲೇನೂ ಪ್ರೀತಿ ಇಲ್ಲ ಅದಕ್ಕೆ, ಎಂದೂ ಹೇಳಿ ನೋಡಿದೆ. ಗೊತ್ತು ಎಂದ. ಗೊತ್ತಿದ್ದೂ ಅಂಗಿಗೆ ಇಸ್ತ್ರಿ ಹಾಕಿಸುತ್ತಾನಲ್ಲ ಎಂದು ಇನ್ನಷ್ಟು ಉರಿಯಿತು.

ಈ ನಡುವೆ ಫೌಂಡ್ರಿಯಲ್ಲೂ ನನಗೆ ನೆಮ್ಮದಿಯಿರಲಿಲ್ಲ. ನಮ್ಮಲ್ಲೊಂದು ಪದ್ಧತಿ. ಹೊಸ ಭಾಗದ ಮೊದಲ ಎರಕವನ್ನು ಎಲ್ಲರೆದುರು ಅಡ್ಡಕ್ಕೆ ಕೊಯ್ದು ನೋಡುತ್ತೇವೆ. ಒಳಗೆ ಗುಳಿಯಿಲ್ಲದೆ ಶುದ್ಧವಾಗಿ ಬಂದಿದ್ದರೆ ವಿಧಾನ ಹೇಳಿದವರು ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಬೇಕು. ಹಾಗೆ ತರಿಸುವಾಗಿನ ಗತ್ತೇ ಬೇರೆ. ಒಂದು ದೊಡ್ಡ ಪಂಪಿನ ಹೊರಮೈಯನ್ನು ನಾನು ಮಾಡಿಸಿದಾಗಲೆಲ್ಲ ಒಂದೇ ಜಾಗದಲ್ಲಿ ಗುಳಿ ಬೀಳುತ್ತಿತ್ತು. ಕೊನೆಗೆ ಅದನ್ನು ಎಐಗೆ ಒಪ್ಪಿಸಿದರು. ನಾನು ಯಾವತ್ತೂ ಇಡದ ಕಡೆ ಅದು ರೈಸರ್ ಇಡಿಸಿತು. ಕೊಯ್ಯುವ ದಿನ ಗರಗಸ ಇಳಿಯುತ್ತಿದ್ದರೆ ನಾನು ಮನಸ್ಸಿನಲ್ಲೇ ಗುಳಿ ಬೀಳಲಿ ದೇವರೇ ಎಂದು ಬೇಡಿಕೊಂಡೆ. ನನ್ನದೇ ಕಂಪನಿ, ನನ್ನದೇ ಕಬ್ಬಿಣ, ಕೆಡಲಿ ಎಂದು ಬೇಡಿಕೊಂಡವಳು ನಾನು. ಕೊಯ್ದ ಮೈ ಕನ್ನಡಿಯ ಹಾಗೆ ಹೊಳೆಯಿತು. ಮಂಡಕ್ಕಿ ಯಾರು ಕೊಡಿಸುತ್ತಾರೆ, ಕಂಪ್ಯೂಟರಾ ಎಂದು ಹುಡುಗರು ನಗಾಡಿದರು. ಮ್ಯಾನೇಜರ್ ತರಿಸಿದರು. ಅಪ್ಪನ ಮಾತು ಕೇಳಿಕೊಂಡೇ ಅದು ಜಾಣೆಯಾಯಿತೋ, ಸ್ವಂತ ಬುದ್ಧಿಯೋ, ನನಗೆ ತಿಳಿಯಲಿಲ್ಲ. ತಿಳಿಯುವುದು ಬೇಕಾಗಿಯೂ ಇರಲಿಲ್ಲ. ಬಜ್ಜಿ ಬಿಸಿಯಾಗಿತ್ತು, ರುಚಿ ಹತ್ತಲಿಲ್ಲ. ಸಂಜೆ ಭದ್ರಾವತಿಗೆ ಮರಳುವ ಬಸ್ಸು ಮಲವಗೊಪ್ಪ ದಾಟುವವರೆಗೂ ಕಿಟಕಿಗೆ ತಲೆ ಒರಗಿಸಿಕೊಂಡು, ಕೆಲಸ ಹೋದರೆ ಹೋಗಲಿ, ಅಪ್ಪನನ್ನಾದರೂ ನನಗೆ ಬಿಡಬಾರದಿತ್ತೇ ಅದು ಎಂದುಕೊಂಡೆ.

ಕೊನೆಯ ಭಾನುವಾರ ಬಂತು. ಅದರ ಪ್ರಶ್ನೆಗಳು ಮುಗಿಯುತ್ತ ಬಂದಿದ್ದವು. ಟ್ಯಾಬ್ ವಾಪಸ್ ಕೊಟ್ಟ ಮೇಲೆ ಅಪ್ಪ ಮತ್ತೆ ಹೂಂಗಳಿಗೆ ಮರಳುತ್ತಾನೆ ಎಂದು ನನಗೆ ಗೊತ್ತಿತ್ತು. ಈ ವಿದ್ಯೆಯನ್ನು ತಾವು ಯಾರಿಗೆ ಕಲಿಸಿದಿರಿ ಎಂದು ಅದು ಕೇಳಿತು. ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಲಿಲ್ಲ.

“ಯಾರಿಗೂ ಕಲಿಸ್ಲಿಲ್ಲ ಮಾರಾಯ್ತಿ. ಮಗಳು ತಾನೇ ಕಲ್ತಳು. ಕಬ್ಬಿಣ ಅಚ್ಚಿನೊಳಗೆ ಹೋದ್ಮೇಲೆ ಏನಾಗುತ್ತೆ ಅಂತ ನಾನು ಸರ್ವೀಸಲ್ಲಿ ಒಂದಿನಾನೂ ನೋಡಿಲ್ಲ. ಮರ ಕೆತ್ತಿ ಕೊಟ್ಟು ಹೊರಗೆ ನಿಲ್ತಿದ್ದೆ. ಇವಳು ಕೂತಲ್ಲೇ ಒಳಗೆ ನೋಡ್ತಾಳೆ. ಒಂದಿನ ತೋರ್ಸಕ್ಕೆ ಬಂದ್ಲು. ನಂಗೆ ಹೊಟ್ಟೆ ಉರಿದುಹೋಯ್ತು. ಇವಳ ಹತ್ರ ಮಾತಿಗೆ ಕೂತ್ರೆ ಕೇಳ್ಬೇಕಾದೋನು ನಾನೇ ಆಗ್ತೀನಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ.”

ಧನ್ಯವಾದಗಳು, ಈ ಉತ್ತರವು ತಾಂತ್ರಿಕ ಮಾಹಿತಿಗೆ ಸಂಬಂಧಿಸಿದ್ದಲ್ಲ, ಉಳಿಸಿಕೊಳ್ಳಬೇಕೇ ಎಂದು ಅದು ಕೇಳಿತು. ಪರದೆಯ ಮೇಲೆ ಹೌದು, ಬೇಡ ಎಂದು ಎರಡು ಚೌಕ ಮೂಡಿದವು. ನಾನು ಹುಟ್ಟಿದಾಗಿನಿಂದ ಅಪ್ಪ ನನ್ನ ಬಗ್ಗೆ ಆಡಿದ ಅತಿ ದೊಡ್ಡ ಮಾತು ಅದು. ಅದನ್ನೂ ನನಗೆ ಹೇಳದೆ ಟ್ಯಾಬಿಗೇ ಹೇಳಿದ್ದ. ನಾನು ಬೇಡ ಒತ್ತಿದೆ. ಹೊಟ್ಟೆಕಿಚ್ಚಿನಿಂದಲೇ ಒತ್ತಿದೆ. ಅಪ್ಪ ಹೇಳಿದ್ದೆಲ್ಲ ಅದಕ್ಕೆ ಸಿಕ್ಕಿದೆ, ಇದೊಂದು ಸಿಗಬಾರದು.

ಆಮೇಲೆ ಅಪ್ಪ ತನ್ನ ಕುರ್ಚಿಯನ್ನು ನನ್ನ ಕಡೆಗೆ ಒಂದಿಷ್ಟು ತಿರುಗಿಸಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದ.

“ಅಲ್ಲಾ, ಒಳಗೆ ಹೋದ ಕಬ್ಬಿಣ ಮೊದ್ಲು ಎಲ್ಲಿ ಗಟ್ಟಿಯಾಗುತ್ತೆ? ಅಂಚಿಂದ್ಲಾ, ತಳದಿಂದ್ಲಾ? ನಿಂಗೆ ಏನ್ ಕಾಣುತ್ತೆ?”

ನಾನು ಬಾಯಿ ತೆರೆಯುವ ಮೊದಲೇ ಟ್ಯಾಬ್ ಮಿನುಗಿತು. ಉತ್ತಮ ಪ್ರಶ್ನೆ, ಸಾಮಾನ್ಯವಾಗಿ ಲೋಹವು ಎಂದು ಶುರುಮಾಡಿತು. ನಾನು ಅದನ್ನು ಎತ್ತಿಕೊಂಡು ಪಕ್ಕದ ಬಟನ್ನನ್ನು, ಅದರ ದನಿ ನಡುವೆಯೇ ನಿಲ್ಲುವವರೆಗೂ, ಬೆರಳು ನೋಯುವಷ್ಟು ಒತ್ತಿ ಹಿಡಿದೆ. ಪರದೆ ಕಪ್ಪಾದ ಮೇಲೆ ಅಪ್ಪನಿಗೆ ಹೇಳಿದೆ, ಅಂಚಿನಿಂದ ಅಪ್ಪ, ತೆಳುವಿರೋ ಅಂಚಿನಿಂದ.