ಗೊಂಬೆ ಮನೆಯ ಹೊರಗೆ ಕೂತ ಅಮ್ಮ

ಮೊನ್ನೆ ಸಂಜೆ ಮಗಳ ಕೈಯಿಂದ ಫೋನ್ ಕಿತ್ತುಕೊಂಡು ಆ ಗೊಂಬೆ ಮನೆ ಆ್ಯಪ್ ಡಿಲೀಟ್ ಮಾಡಿಬಿಟ್ಟೆ.

ಹಿರಿಯೂರಿನ ಒಂದು ಚಿಕ್ಕ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಪುಟಾಣಿಗಳಿಗೆ ಯಾವ ಗೊಂಬೆ ಮನೆ ಆ್ಯಪ್ ಒಳ್ಳೆಯದು ಮಿಸ್ ಅಂತ ಪೇರೆಂಟ್ಸ್ ಗ್ರೂಪ್‌ನಲ್ಲಿ ಕೇಳುತ್ತಲೇ ಇದ್ದರು. ನೋಡಿ ಹೇಳುತ್ತೇನೆ ಎಂದು ದೊಡ್ಡ ಪರೀಕ್ಷಕಿಯ ಗತ್ತಿನಲ್ಲಿ ಒಪ್ಪಿಕೊಂಡಿದ್ದೆ.

ಆಡಿ ನೋಡುವುದಕ್ಕೆ ಮನೆಯಲ್ಲೇ ಐದು ವರ್ಷದ ಮಗಳು ಚಿನ್ನು ಇದ್ದಳಲ್ಲ.

ಒಂದು ಆ್ಯಪ್‌ನಲ್ಲಿ ಫ್ರಿಜ್ ಒತ್ತಿದರೆ ಸಾಕು, ಜಾಹೀರಾತು. ಇನ್ನೊಂದರಲ್ಲಿ ಅಡುಗೆಮನೆಗೇ ಬೀಗ, ದುಡ್ಡು ಕೊಟ್ಟರೆ ಮಾತ್ರ ತೆಗೆಯುತ್ತದಂತೆ. ಎರಡನ್ನೂ ಕಿತ್ತುಹಾಕಿದೆ.

ಮೂರನೆಯದು ಚೆನ್ನಾಗಿತ್ತು. ಜಾಹೀರಾತಿಲ್ಲ, ನೆಟ್ ಬೇಡ, ಗೊಂಬೆಗಳನ್ನು ಎಲ್ಲಿ ಬೇಕಾದರೂ ಎಳೆದು ಕೂರಿಸಬಹುದು. ಅಪ್ಪ, ಅಮ್ಮ, ಅಜ್ಜಿ, ಪಾಪು... ಅಂಗಳದಲ್ಲಿ ಒಂದು ನಾಯಿ, ಒಂದು ಕರಿ ಹಕ್ಕಿ.

ಮೊನ್ನೆ ಪಕ್ಕದಲ್ಲಿ ಕೂತು ಅವಳ ಆಟ ನೋಡುತ್ತಿದ್ದೆ. ಚಿನ್ನು ಆ ಕರಿ ಹಕ್ಕಿಯನ್ನು ಎಳೆದು ಅಮ್ಮ ಗೊಂಬೆಯ ತಲೆ ಮೇಲೆ ಕೂರಿಸಿದಳು. ಆಮೇಲೆ ಅಮ್ಮನನ್ನು ಮನೆಯಿಂದ ಹೊರಗೆ ತಂದು ಬಿಟ್ಟಳು. ಪಾಪು ಒಳಗೆ, ಬಾಗಿಲು ಬಂದ್.



ಹೋದ ತಿಂಗಳಿಂದ ಇವಳು ಕಾಗೆ ಕಂಡರೆ ಚೀರಿಕೊಂಡು ಒಳಗೆ ಓಡಿಬರುತ್ತಿದ್ದಾಳೆ. ಅಂಗಳದಲ್ಲಿ ಆಡುವುದನ್ನೇ ಬಿಟ್ಟಿದ್ದಾಳೆ, ನಿದ್ದೆಯಲ್ಲೂ ನನ್ನ ಕೈ ಬಿಡುವುದಿಲ್ಲ. ಏನಾಯಿತು ಮಗುವಿಗೆ ಎಂದು ಊಟ ಸೇರುತ್ತಿರಲಿಲ್ಲ ನನಗೆ. ಈ ಆ್ಯಪ್‌ಗಳು ಫೋನಿಗೆ ಬಂದಿದ್ದೂ ಹೆಚ್ಚುಕಡಿಮೆ ಆಗಲೇ.

ಎಲ್ಲಾ ಈ ದರಿದ್ರ ಆ್ಯಪ್‌ನಿಂದ ಎಂದುಕೊಂಡೆ. ಡಿಲೀಟ್ ಮಾಡಿ, ಗ್ರೂಪ್‌ನಲ್ಲಿ ವಾಯ್ಸ್ ಮೆಸೇಜ್ ಕೂಡ ಹಾಕಿದೆ. "ಯಾರೂ ಹಾಕ್ಕಬೇಡ್ರಿ ಇದನ್ನ, ಮಕ್ಳು ಹೆದರ್ಕಂತಾವೆ."

ಚಿನ್ನು ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಅಮ್ಮ ಇನ್ನೂ ಊಟ ಮಾಡಿಲ್ಲ... ಹೊರಗೇ ಕುಂತವ್ಳೆ."

"ಯಾಕೆ ಪುಟ್ಟಿ ಅಮ್ಮನ್ನ ಹೊರಗೆ ಹಾಕ್ದೆ?"

"ಕಾಗೆ ಮುಟ್ಟೈತಲ್ಲ. ಒಳಗೆ ಬರಂಗಿಲ್ಲ. ಪಾಪು ಮುಟ್ಟಂಗಿಲ್ಲ."



ಮುಟ್ಟಾದಾಗ ನಮ್ಮ ಮನೆಯಲ್ಲಿ ಮೂರು ದಿನ ನಾನು ವರಾಂಡದಲ್ಲಿ. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಅದೇ ದಿನಗಳಲ್ಲಿ ಶಾಲೆಗೆ ಹೋಗಿ ಊರ ಮಕ್ಕಳ ಮೂಗೆಲ್ಲ ಒರೆಸಿ ಬರುತ್ತೇನೆ, ಮನೆಗೆ ಬಂದರೆ ನನ್ನ ಮಗಳನ್ನು ಮುಟ್ಟುವಂತಿಲ್ಲ.

ಓಡಿಬಂದು ತಬ್ಬಿಕೊಳ್ಳಲು ಹೊರಟ ಮಗುವಿಗೆ "ಕಾಗೆ ಮುಟ್ಟೈತೆ, ಹತ್ರ ಬರಬೇಡ" ಎಂದವಳು ನಾನೇ. ಹೋದ ತಿಂಗಳು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅತ್ತೆ ಮೆತ್ತಗೆ ಅಂದರು, "ಮಗೀಗೆ ಇನ್ನೇನಂತ ಹೇಳಾದವ್ವ? ನಮ್ಗೂ ಹಂಗೇ ಹೇಳಿದ್ರು." ಅವರ ದನಿಯಲ್ಲಿ ಜೋರೇನೂ ಇರಲಿಲ್ಲ.

ಆ್ಯಪ್ ಮತ್ತೆ ಹಾಕಿಕೊಟ್ಟೆ. ಚಿನ್ನು ಮೊದಲು ಆ ಹಕ್ಕಿಯನ್ನು ಹುಡುಕಿ, ಫ್ರಿಜ್ ಒಳಗೆ ಹಾಕಿ ಬಾಗಿಲು ಮುಚ್ಚಿದಳು. ಆಮೇಲೆ ಅಮ್ಮನನ್ನು ಒಳಗೆ ತಂದು ಪಾಪು ಪಕ್ಕ ಮಲಗಿಸಿದಳು.

ಸ್ವಲ್ಪ ಹೊತ್ತು ಬಿಟ್ಟು ನನ್ನ ಮುಖ ನೋಡಿದಳು. "ನಂಗೂ ಕಾಗೆ ಮುಟ್ತತಾ ಅಮ್ಮ?"

ಅವಳನ್ನು ಎತ್ತಿಕೊಂಡೆ.

ಹಾಗಾದರೆ ಯಾವ ಆ್ಯಪ್ ಹಾಕೋಣ ಮಿಸ್ ಎಂದು ಗ್ರೂಪ್‌ನಲ್ಲಿ ಇನ್ನೂ ಕೇಳುತ್ತಿದ್ದಾರೆ. ನಾನು ಬರೆಯುತ್ತೇನೆ, ಅಳಿಸುತ್ತೇನೆ.

ಈ ವಾರದಲ್ಲೇ ನನ್ನ ಮುಟ್ಟಿನ ದಿನ.

ಚಾಪೆ ವರಾಂಡದಲ್ಲಿ ಹಾಸಲೋ, ಮಗಳ ಪಕ್ಕದಲ್ಲಿ ಹಾಸಲೋ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?