ಇಳಿಯುವ ಹರಾಜು

ಮಾಲೂರಿನ ಫ್ಯಾಕ್ಟರಿ ಕ್ಯಾಂಟೀನಿಗೆ ನಾನೂ ನನ್ನ ವಾರಗಿತ್ತಿ ಮುನಿಯಮ್ಮನೂ ಒಂದೇ ಜಗಲೀಲಿ ಕೂತು ಹಿತಕಿದ ಅವರೆಬೇಳೆ ಬೇರೆ ಬೇರೆ ಲೆಕ್ಕದಲ್ಲಿ ಹಾಕ್ತಿದ್ವಿ. ಅಲ್ಲಿನ ಪರ್ಚೇಸ್ ಸಾಹೇಬ ಬಾಮೈದನ ಅಂಗಡಿ ಸಾಮಾನೇ ತರಿಸಿ ಸಿಕ್ಕಿಬಿದ್ದ. ಅವನ ಜಾಗಕ್ಕೆ ಬಂದ ಮೇಡಮ್ಮು, "ಅಜ್ಜೀ, ಕೊಳ್ಳೋದು ಇನ್ಮೇಲೆ ಗುಮಾಸ್ತರ ಕೆಲಸ ಅಲ್ಲ, ಕಂಪನಿ ಬೆಳೆಸೋ ಕೆಲಸ. ನೀವಿಬ್ರೂ ನಮ್ಮ ಪಾಲುದಾರರು" ಅಂದ್ಲು. ಅಂದೋಳೇ ಫೋನಲ್ಲಿ ಹರಾಜು ಇಟ್ಲು.

ಕೋಲಾರದ ಟೊಮೊಟೊ ಮಂಡೀಲಿ ಕೂಗಿದಂಗೆಲ್ಲ ರೇಟು ಏರ್ತದೆ. ಇಲ್ಲಿ ಕಮ್ಮಿ ಕೂಗಿದೋರಿಗೇ ಆರ್ಡರು. ಎದುರಿಗೆ ಯಾರಿದ್ದಾರೋ ಫೋನು ತೋರಿಸಲ್ಲ. ಯಾವಳೋ ನಂಗಲಿ ಊರೋಳಿರಬೇಕು ಅಂತ ಹಿತ್ತಲಲ್ಲಿ ನಿಂತು ಇಳಿಸಿದೆ, ಇಳಿಸಿದೆ, ಗೆದ್ದೆ. ಒಳಗೆ ಬಂದ್ರೆ ಮುನಿಯಮ್ಮ ಫೋನು ಹಿಡ್ಕೊಂಡು ಅಳ್ತಿದ್ಲು.

"ಆ ಕಡೆ ಇದ್ದೋಳು ನೀನೇನಕ್ಕಾ?" ಅಂದ್ಲು.

ಅವತ್ತಿಂದ ಮಾತಿಲ್ಲ. ಮೇಡಮ್ಮಿಗೆ ಪ್ರಮೋಷನ್ ಆಯ್ತಂತೆ. ನಾನು ಗೆದ್ದ ರೇಟಿಗೆ ಹಿತಕೋಕೆ ಕೂಲಿಯೋರು ಬರಲ್ಲ, ವಾರಗಿತ್ತೀನೂ ಬರಲ್ಲ. ಕಂಪನಿ ಪಾಲುದಾರಳು ಜಗಲೀಲಿ ಒಬ್ಬಳೇ ಕೂತು ಹಿತಕ್ತಿದ್ದೀನಿ.